ಆರು ಬಟ್ಟಿನ ಗುಬ್ಬಿ

"ಇನ್ನೊಂದು ಸಲ ಹಾಡಿ," ಎಂದಳು ಮೆಹರುನ್ನಿಸ.

ಲೆಸ್ಟರ್ ಗಿಟಾರಿನ ತಂತಿಗಳ ಮೇಲೆ ಅಂಗೈ ಒತ್ತಿದ. ಸದ್ದು ನಿಂತಿತು.

"ಆಗಲೇ ಎರಡೆರಡು ಸಲ ಹಾಡಿ ಆಯ್ತಲ್ಲ ಮೇಡಂ. ಇದೆಂತ, ನನಗೆ ಪರೀಕ್ಷೆಯಾ?"

"ಪೂರ್ತಿ ಬೇಡ. ಕೊನೆಯ ಎರಡು ಸಾಲು ಸಾಕು."

ದುಬೈ. ಶುಕ್ರವಾರದ ಮಧ್ಯಾಹ್ನ. ಮಿರ್ದಿಫ್‌ನ ಆ ವಿಲ್ಲಾದ ಹಿಂದಿನ ಕೋಣೆಯ ಗೋಡೆಗಳಿಗೆ ಮೊಟ್ಟೆ ಜೋಡಿಸುವ ರಟ್ಟಿನ ತಟ್ಟೆಗಳನ್ನು ಅಂಟಿಸಿದ್ದರು. ಆದರೂ ವಿಮಾನಗಳ ಸದ್ದು ಒಳಗೆ ಬರುತ್ತಲೇ ಇತ್ತು. ಪ್ರತಿ ಸಲ ವಿಮಾನ ಹಾದುಹೋಗುವವರೆಗೆ ಎಲ್ಲರೂ ಮಾತು ನಿಲ್ಲಿಸಿ ಕಾಯುತ್ತಿದ್ದರು. ಅಭ್ಯಾಸವಾಗಿಬಿಟ್ಟಿತ್ತು.

'ಕಡಲಬೆನ್ನು' ತಂಡದ ಮೂವರೂ ಅಲ್ಲಿದ್ದರು. ಹಾಡುವವನು ಲೆಸ್ಟರ್, ವಾರವಿಡೀ ಸಿಲಿಕಾನ್ ಓಯಸಿಸ್‌ನ ಒಂದು ಆಫೀಸಿನಲ್ಲಿ ದುಡಿದು ಶುಕ್ರವಾರಕ್ಕೆ ಕಾಯುವವನು. ಪಿಟೀಲು ನುಡಿಸುವವಳು ಬ್ರೆಂಡಾ, ಆಸ್ಪತ್ರೆಯಲ್ಲಿ ನರ್ಸ್. ಚರ್ಚಿನ ಕಾಯರಿನಲ್ಲಿ ಕಲಿತ ಕೈ. ಮಣ್ಣಿನ ಗುಮಟೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾರಿಸುವ ದಪ್ಪ ಆಸಾಮಿ ಸೆಡ್ರಿಕ್, ಹೋಟೆಲಿನಲ್ಲಿ ಮದುವೆ ಊಟಗಳ ಉಸ್ತುವಾರಿ. ಒಂದೇ ಹಾಡಿನಲ್ಲಿ ಕೊಂಕಣಿ, ತುಳು, ಕನ್ನಡ, ನಡುವೆ ಇಂಗ್ಲಿಷ್. ಇದೆಂಥ ಸಂಗೀತ ಎಂದು ಯಾರಾದರೂ ಕೇಳಿದರೆ "ನಮಗೇ ಗೊತ್ತಿಲ್ಲ ಮಾರಾಯ್ರೆ" ಎಂದು ನಗುವ ತಂಡ. ದುಬೈ, ಅಬುಧಾಬಿಯ ಕನ್ನಡಿಗರ ಕಾರುಗಳಲ್ಲಿ ಈಗ ಇವರದೇ ಹಾಡು.

ಅದರಲ್ಲೂ ಆ ಜೋಗುಳ.

ಲೆಸ್ಟರ್ ಕಣ್ಣು ಮುಚ್ಚಿ ಹಾಡಿದ.

"ಒಂಟಿ ಬೆನ್ನಮ್ಯಾಲ ಉಪ್ಪ ಹೇರಿ
ಬರತಾನ ನಿಮ್ಮಪ್ಪ ಉಸುಕಿನ ದಾರಿ
ಅಳಬ್ಯಾಡ ಅಳಬ್ಯಾಡ ಆರು ಬಟ್ಟೆಯ ಗುಬ್ಬಿ
ಮಲಗ ನಿಮ್ಮವ್ವನ ಸೆರಗ ತಬ್ಬಿ..."

ದನಿ ಚೆನ್ನಾಗಿತ್ತು. ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಹುಡುಗಿ ನಿವೇದಿತಾ ಮುಖ ಕೆಳಗೆ ಹಾಕಿದಳು. ಅವಳ ಎಡಗೈ ದುಪಟ್ಟಾದ ಒಳಗಿತ್ತು. ಬಂದಾಗಿನಿಂದ ಅಲ್ಲೇ ಇತ್ತು.

"ಆರು ಬಟ್ಟೆಯ ಗುಬ್ಬಿ ಅಂದರೇನು?" ಮೆಹರುನ್ನಿಸ ಕೇಳಿದಳು.

"ಸ್ಟೇಜಿನ ಮೇಲೆ ಯಾವಾಗಲೂ ಹೇಳ್ತೇನಲ್ಲ. ವರ್ಷಕ್ಕೆ ಆರು ಋತು. ಒಂದೊಂದು ಋತುವಿಗೆ ಒಂದೊಂದು ಬಟ್ಟೆ ತೊಟ್ಟ ಗುಬ್ಬಿ. ಅಂದರೆ ಕಾಲ. ಅಪ್ಪ ಇಲ್ಲದೆ ಕಳೆಯುವ ಕಾಲ."

"ನೀವೇ ಬರೆದದ್ದು?"

"ನಾನೇ."

"ಎಲ್ಲಿ?"

"ನನ್ನ ಫ್ಲ್ಯಾಟಿನಲ್ಲಿ. ಕಿಟಕಿಯಿಂದ ಮರಳು ಕಾಣ್ತದೆ. ಅದನ್ನು ನೋಡಿ ಬಂತು."

ಸೆಡ್ರಿಕ್ ಗುಮಟೆಯ ಚರ್ಮವನ್ನು ಬೆರಳಿನಿಂದ ಸವರುತ್ತ ನೆಲ ನೋಡಿದ. ಬ್ರೆಂಡಾ ಪಿಟೀಲಿನ ಪೆಟ್ಟಿಗೆಯ ಚಿಲಕ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಮೆಹರುನ್ನಿಸಳ ಕಣ್ಣಿಗೆ ಎರಡೂ ಬಿದ್ದವು.

ಇನ್ಶೂರೆನ್ಸ್ ಕಂಪನಿಯಲ್ಲಿ ಕ್ಲೇಮುಗಳ ನಿಜ ಸುಳ್ಳು ತನಿಖೆ ಮಾಡುವುದು ಅವಳ ಕೆಲಸ. ಮಂಗಳೂರಿನ ಬಂದರಿನಲ್ಲಿ ಹುಟ್ಟಿ ದುಬೈಯಲ್ಲಿ ತಲೆ ನೆರೆಸಿಕೊಂಡವಳು. ಈ ಕೇಸಿಗೂ ಅವಳ ಕಂಪನಿಗೂ ಸಂಬಂಧವಿರಲಿಲ್ಲ. ಅವಳದೇ ಕಟ್ಟಡದಲ್ಲಿ ಬಾಡಿಗೆಗಿರುವ ಲ್ಯಾಬ್ ಟೆಕ್ನಿಶಿಯನ್ ಹುಡುಗಿ ನಿವೇದಿತಾ. ಈ ಹಾಡು ಕೇಳಿ ಗುಳೇದಗುಡ್ಡದಿಂದ ವಿಸಿಟ್ ವೀಸಾದ ಮೇಲೆ ಓಡಿಬಂದವಳು ಅವಳ ತಾಯಿ ನೀಲವ್ವ. ತಾಯಿ ಹೇಳಿದ್ದು ಇಷ್ಟು: ಈ ಜೋಗುಳ ತನ್ನ ಗಂಡ ಕಟ್ಟಿದ್ದು. ಗಲ್ಫಿಗೆ ಹೊರಡುವ ಮೊದಲು ತೊಟ್ಟಿಲ ಮುಂದೆ ಕೂತು ಕಟ್ಟಿದ್ದು. ಆ ಮನೆಯ ಗೋಡೆಗಳ ಆಚೆ ಅದನ್ನು ಕೇಳಿದವರಿಲ್ಲ. ಹೋದ ಗಂಡ ಬರಲಿಲ್ಲ. ಹಾಡು ಮಾತ್ರ ಬಂತು.

"ಲೆಸ್ಟರ್, ನಿಮ್ಮ ಮನೆಮಾತು ಕೊಂಕಣಿ. ಕಿನ್ನಿಗೋಳಿ ಕಡೆಯವರು. ಅಲ್ಲವಾ?"

"ಹೌದು. ಆದರೆ ಉತ್ತರ ಕರ್ನಾಟಕದ ಫ್ರೆಂಡ್ಸ್ ಇದ್ದಾರೆ. ಆ ಭಾಷೆ ನನಗೆ ಇಷ್ಟ. ಇಷ್ಟಪಟ್ಟ ಭಾಷೆಯಲ್ಲಿ ಬರೀಬಾರದಾ?"

"ಬರೀಬಹುದು. ಆದರೆ ಬರೆದವನಿಗೆ ತನ್ನ ಮಾತು ತಪ್ಪಿ ಕೇಳಿಸುವುದಿಲ್ಲ."

"ಎಂತ ಹಾಗಂದ್ರೆ?"

"ಅದು ಬಟ್ಟೆ ಅಲ್ಲ. ಬಟ್ಟು. ಆ ಕಡೆ ಬಟ್ಟು ಅಂದರೆ ಬೆರಳು. 'ಆರು ಬಟ್ಟಿನ ಗುಬ್ಬಿ.' ಯಾರೋ ಹಾಡಿದ್ದನ್ನು ನೀವು ಕೇಳಿದಿರಿ. ಒಂದು ಶಬ್ದ ಸರಿಯಾಗಿ ಕೇಳಲಿಲ್ಲ. ಆಮೇಲೆ ಋತು, ಕಾಲ ಅಂತ ಅರ್ಥ ಜೋಡಿಸಿದಿರಿ."

ಲೆಸ್ಟರ್ ನಕ್ಕ. ನಗು ಅರ್ಧಕ್ಕೇ ನಿಂತಿತು. "ಆರು ಬೆರಳಿನ ಗುಬ್ಬಿ? ಅದಕ್ಕೆಂತ ಅರ್ಥ ಉಂಟು ಮೇಡಂ?"

ನಿವೇದಿತಾ ಎದ್ದು ಬಂದಳು. ದುಪಟ್ಟಾದಿಂದ ಎಡಗೈ ತೆಗೆದು ಅವನ ಮುಂದಿದ್ದ ಸ್ಪೀಕರ್ ಪೆಟ್ಟಿಗೆಯ ಮೇಲೆ ಅಗಲಿಸಿ ಇಟ್ಟಳು.

ಕಿರುಬೆರಳಿನ ಪಕ್ಕ ಇನ್ನೊಂದು ಪುಟ್ಟ ಬೆರಳು.

"ಅರ್ಥ ನಾನು," ಎಂದಳು.

ಮೇಲೆ ವಿಮಾನ ಹಾದುಹೋಯಿತು.

"ಖಲಾಸ್," ಎಂದ ಸೆಡ್ರಿಕ್ ಮೆಲ್ಲಗೆ. "ಹೇಳಿಬಿಡು ಮಾರಾಯ. ಇನ್ನು ಎಂತ ಉಂಟು ಮುಚ್ಚಲಿಕ್ಕೆ?"

"ನೀನು ಸುಮ್ಮನಿರು. ಮುಂದಿನ ಶುಕ್ರವಾರ ಅಬುಧಾಬಿ ಶೋ. ಬೆಂಗಳೂರಿನವರು ಸಿನಿಮಾಕ್ಕೆ ಹಾಡು ಕೇಳಿದ್ದಾರೆ. ನನ್ನ ಸ್ವಂತದ್ದು ಅಂತ ಮಾತು ಕೊಟ್ಟಾಗಿದೆ. ಈಗ ಕದ್ದದ್ದು ಅಂದರೆ ತಂಡ ಉಳೀತದಾ?"

"ಇದನ್ನು ಇಟ್ಟುಕೊಂಡು ಮಾತ್ರ ಉಳೀತದಾ?" ಬ್ರೆಂಡಾ ಕೇಳಿದಳು. ಅವಳ ಕಣ್ಣು ನಿವೇದಿತಾಳ ಕೈಯ ಮೇಲೇ ಇತ್ತು. "ಪ್ರತಿ ಸಲ ಪಿಟೀಲು ಎತ್ತುವಾಗ ನನಗೆ ಆ ಮನುಷ್ಯನ ಮುಖ ಬರ್ತದೆ ಲೆಸ್ಟರ್."

"ಯಾವ ಮನುಷ್ಯ?" ನಿವೇದಿತಾ ತಿರುಗಿದಳು.

ಲೆಸ್ಟರ್ ಗಿಟಾರನ್ನು ಗೋಡೆಗೆ ಒರಗಿಸಿದ. ಎದ್ದು ಕಿಟಕಿಯ ಹತ್ತಿರ ಹೋದ. ಅವರ ಕಡೆ ನೋಡದೆ ಮಾತಾಡಿದ.

"ಕಾಲೇಜಿನಿಂದ ಬರೀತಾ ಇದ್ದೇನೆ ನಾನು. ಎಷ್ಟು ಹಾಡು! ಜನ ಚಪ್ಪಾಳೆ ತಟ್ಟಿದ್ದಾರೆ, ಕುಣಿದಿದ್ದಾರೆ. ಅಳಲಿಲ್ಲ. ಈ ನಾಲ್ಕು ಸಾಲು ಹಾಡಿದ ದಿವಸ ಮುಂದಿನ ಸಾಲಿನಲ್ಲಿ ಕೂತ ಗಂಡಸರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಯಾರದಪ್ಪಾ ಈ ಹಾಡು ಅಂತ ಕೇಳಿದರು. ನನ್ನದಲ್ಲ ಅನ್ನಲಿಕ್ಕೆ ಬಾಯಿ ಬರಲಿಲ್ಲ."

ಬ್ರೆಂಡಾ ಫೋನ್ ತೆಗೆದಳು. ಎರಡು ವರ್ಷದ ಹಿಂದೆ ಮದೀನತ್ ಜಾಯೆದ್‌ನಲ್ಲಿ ಕ್ರಿಸ್‌ಮಸ್ ಕಾರ್ಯಕ್ರಮವಿತ್ತಂತೆ. ಅಬುಧಾಬಿಯ ಪಶ್ಚಿಮದ ಆ ಊರಿನಲ್ಲಿ ಎಣ್ಣೆ, ಗ್ಯಾಸ್ ಕಂಪನಿಗಳಲ್ಲಿ ದುಡಿಯುವ ಕರಾವಳಿಯವರು ಕರೆಸಿದ್ದರು. ಸೆಡ್ರಿಕ್‌ನ ಪ್ಯಾಂಟು ಹರಿದು, ಹೊಲಿಸಲಿಕ್ಕೆ ಒಂದು ದರ್ಜಿ ಅಂಗಡಿಗೆ ಹೋಗಿದ್ದರು. ಅಲ್ಲಿ ಮಷಿನ್ ತುಳಿಯುತ್ತ ಒಬ್ಬ ಹಾಡುತ್ತಿದ್ದ. ಲೆಸ್ಟರ್ ಸನ್ನೆ ಮಾಡಿದ. ಬ್ರೆಂಡಾ ಫೋನ್ ಒತ್ತಿ ಹಾಡನ್ನು ರೆಕಾರ್ಡ್ ಮಾಡಿಕೊಂಡಳು.

ಈಗ ಮತ್ತೆ ಒತ್ತಿದಳು.

ಹೊಲಿಗೆ ಮಷಿನ್ನಿನ ಗಿರ್ರ್ ಸದ್ದು. ಅದರ ಮೇಲೆ ತೇಲುವ ಗಂಡು ದನಿ, ಒರಟು, ಆತುರವಿಲ್ಲದ್ದು. "ಅಳಬ್ಯಾಡ ಅಳಬ್ಯಾಡ ಆರು ಬಟ್ಟಿ..." ಅಲ್ಲಿ ಮಷಿನ್ ಜೋರಾಗಿ ಓಡಿ ಶಬ್ದವನ್ನು ನುಂಗಿತು. ಮುಂದಿನ ಸಾಲು. ಆಮೇಲೆ ದೂರದಿಂದ ಯಾರೋ ಕೂಗಿದರು: "ಮಡೀ ಭಾಯ್, ಚಾಯ್!"

ಹಾಡು ನಿಂತಿತು.

ನಿವೇದಿತಾ ಮೆಹರುನ್ನಿಸಳ ತೋಳು ಹಿಡಿದಳು. ಆರೂ ಬೆರಳು ಒತ್ತಿ ಹಿಡಿದಿದ್ದವು. "ಮೆಹರ್ ಅಕ್ಕ. ನಮ್ಮಪ್ಪನ ಹೆಸರು ಮಡಿವಾಳಪ್ಪ."

"ಗೊತ್ತು."

"ಅವನು ಒಂದು ಮಾತು ಹೇಳಿದ್ದ," ಎಂದ ಲೆಸ್ಟರ್, ಇನ್ನೂ ಕಿಟಕಿಯ ಕಡೆಗೇ ನೋಡುತ್ತ. "ಹಾಡು ಬೇಕಾದರೆ ಹಾಡಿ, ಎಲ್ಲಿ ಕೇಳಿದಿರಿ ಅಂತ ಯಾರಿಗೂ ಹೇಳಬೇಡಿ ಅಂದ."

"ಯಾಕೆ ಅಂತ ಕೇಳಲಿಲ್ಲವಾ?"

"ಇಲ್ಲ. ನನಗೂ ಅದೇ ಬೇಕಿತ್ತು ಮೇಡಂ."

*

ಶನಿವಾರ ಬೆಳಿಗ್ಗೆ ಮೆಹರುನ್ನಿಸಳ ಕಾರು ಅಬುಧಾಬಿಯನ್ನು ಬಳಸಿ ಪಶ್ಚಿಮಕ್ಕೆ ಹೊರಟಿತು. ಮುಂದಿನ ಸೀಟಿನಲ್ಲಿ ನಿವೇದಿತಾ. ಹಿಂದೆ ನೀಲವ್ವ.

ನೀಲವ್ವ ಇಳಕಲ್ ಸೀರೆ ಉಟ್ಟಿದ್ದಳು. ಕುಪ್ಪಸದ ಖಣ ಅವಳೇ ನೇಯ್ದದ್ದು. ಗುಳೇದಗುಡ್ಡದ ಮಗ್ಗದಲ್ಲಿ ಕೂತೇ ಮಗಳನ್ನು ಓದಿಸಿದವಳು. ತೊಡೆಯ ಮೇಲೆ ಒಂದು ಬಟ್ಟೆಯ ಗಂಟಿತ್ತು. ಅದರೊಳಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಬೆಳಿಗ್ಗೆ ಕಾರು ಹತ್ತುವಾಗ ಮೆಹರುನ್ನಿಸ, "ದಾರಿಯಲ್ಲಿ ತಿನ್ನಲಿಕ್ಕೆ ಸಿಗ್ತದೆ, ಇದೆಲ್ಲ ಯಾಕೆ?" ಎಂದಿದ್ದಳು.

"ನಮಗಲ್ರಿ ಅಕ್ಕಾರ," ಎಂದಿದ್ದಳು ನೀಲವ್ವ ಅಷ್ಟೇ.

ತಾರಿಫ್‌ನ ಹತ್ತಿರ ಸಮುದ್ರದ ಬದಿ ಬಿಟ್ಟು ರಸ್ತೆ ದಕ್ಷಿಣಕ್ಕೆ ತಿರುಗಿತು. ಎರಡೂ ಬದಿ ಉಪ್ಪು ಕಟ್ಟಿದ ಬಿಳಿ ನೆಲ. ಆಮೇಲೆ ಮರಳು. ಬೇಲಿಯ ಆಚೆ ಒಂಟೆಗಳ ಸಾಲೊಂದು ನಿಧಾನ ನಡೆಯುತ್ತಿತ್ತು. ನೀಲವ್ವ ಗಾಜಿಗೆ ಹಣೆ ತಾಗಿಸಿ ನೋಡಿದಳು.

"ಎಷ್ಟ ಎತ್ತರ ಅದಾವ ಇವು!"

"ನೀ ನೋಡೇ ಇರಲಿಲ್ಲೇನಬೇ ಒಂಟಿ?" ನಿವೇದಿತಾ ಹಿಂದೆ ತಿರುಗಿದಳು.

"ಇಲ್ಲ. ಅವರೂ ನೋಡಿರಲಿಲ್ಲ. ಪುಸ್ತಕದಾಗ ಚಿತ್ರ ನೋಡಿ ಹಾಡ ಕಟ್ಟಿದ್ರು. ಒಂಟಿ ಮ್ಯಾಲ ಉಪ್ಪ ಯಾರ ಹೇರತಾರ ಅಂತ ನಾ ನಕ್ಕಿದ್ದೆ. ನೀ ನಗತೀ, ಕೂಸ ಅಳೂದ ನಿಲ್ಲಿಸ್ತು ನೋಡು ಅಂದಿದ್ರು."

ನಿವೇದಿತಾ ಮುಂದಕ್ಕೆ ತಿರುಗಿ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಮೆಹರುನ್ನಿಸಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು: "ನನಗೆ ಅಪ್ಪನ ಮುಖ ಗೊತ್ತಿಲ್ಲ ಅಕ್ಕ. ಮದುವೆ ಫೋಟೋದಾಗ ಬಾಸಿಂಗ ಕಟ್ಟಿಕೊಂಡು ಅರ್ಧ ಮುಖ ಮುಚ್ಚಿದೆ. ಶಾಲೆಯಲ್ಲಿ ಎಲ್ಲರೂ ಬೆರಳು ನೋಡಿ ನಗುತ್ತಿದ್ದರು. ಆಪರೇಷನ್ ಮಾಡಿಸೋಣ ಅಂತ ಡಾಕ್ಟರ್ ಹೇಳಿದಾಗ ನಾನೇ ಬೇಡ ಅಂದೆ. ಇದನ್ನ ತೆಗೆಸಿದರೆ ಅಪ್ಪ ಬಂದಾಗ ಗುರುತು ಹೆಂಗ ಹಿಡೀತಾನ?"

ರಸ್ತೆ ನೆಟ್ಟಗಿತ್ತು. ಕನ್ನಡಿಯಲ್ಲಿ ನೀಲವ್ವನ ಮುಖ ಕಾಣುತ್ತಿತ್ತು. ಸಂತೋಷಕ್ಕೆ ಹೊರಟವಳ ಮುಖದಂತೆ ಇರಲಿಲ್ಲ ಅದು. ಹೆದರಿದವಳ ಮುಖ.

ಮದೀನತ್ ಜಾಯೆದ್‌ನ ಮಾರುಕಟ್ಟೆ ಬೀದಿಯಲ್ಲಿ ಲೆಸ್ಟರ್ ಹೇಳಿದ ಗುರುತು ಬೇಗ ಸಿಕ್ಕಿತು. ಶುಕೂರ್ ಎಂಬ ಕಾಸರಗೋಡಿನವನ ಕೆಫೆಟೇರಿಯಾ. ಅದರ ಪಕ್ಕದಲ್ಲಿ ಗಂಡಸರ ಬಿಳಿ ನಿಲುವಂಗಿ, ಕಂದೂರ, ಹೊಲಿಯುವ ಅಂಗಡಿ. ಗಾಜಿನ ಬಾಗಿಲಿನ ಆಚೆ ಒಬ್ಬ ಬಾಗಿ ಕೂತಿದ್ದ. ಬೆನ್ನು ಮಾತ್ರ ಕಾಣುತ್ತಿತ್ತು.

ನೀಲವ್ವ ಬಾಗಿಲ ಹೊರಗೆ ನಿಂತುಬಿಟ್ಟಳು. ಸೆರಗು ಸರಿಮಾಡಿಕೊಂಡಳು. ಹಣೆಯ ಕುಂಕುಮ ಮುಟ್ಟಿ ನೋಡಿಕೊಂಡಳು. ಆಮೇಲೆ ತಾನೇ ಬಾಗಿಲು ದೂಡಿದಳು.

"ಆಯಿಯೇ," ಎಂದ ಅವನು, ತಿರುಗದೆಯೇ. "ಏಕ್ ಮಿನಿಟ್."

ನಿವೇದಿತಾ ಕೇಳಿದಳು: "ಮಡಿವಾಳಪ್ಪ ಅಂದ್ರ ನೀವ ಏನ್ರಿ?"

ಕನ್ನಡ ಕೇಳಿ ಅವನ ಕಾಲು ಪೆಡಲಿನಿಂದ ಜಾರಿತು. ತಿರುಗಿದ. ನರೆತ ಗಡ್ಡ, ದಪ್ಪ ಕನ್ನಡಕ, ಕೊರಳಲ್ಲಿ ಅಳತೆ ಟೇಪು. ಮೂವರು ಹೆಂಗಸರನ್ನೂ ಒಬ್ಬೊಬ್ಬರಾಗಿ ನೋಡಿದ.

"ಹೌದವಾ."

"ಗುಳೇದಗುಡ್ಡದವ್ರು?"

"ಹೌದು. ಯಾಕ?"

ನಿವೇದಿತಾ ಒಂದು ಹೆಜ್ಜೆ ಮುಂದಿಟ್ಟಳು. ತಾಯಿಯ ಕೈ ಅವಳನ್ನು ತಡೆಯಿತು.

"ಇವರಲ್ಲ," ಎಂದಳು ನೀಲವ್ವ.

"ಸರೀ ನೋಡಬೇ. ವರ್ಷ ಎಷ್ಟ ಆಗ್ಯಾವು. ಗಡ್ಡ ಬಂದದ, ವಯಸ್ಸ ಆಗೇದ..."

"ಗಂಡನ ಮುಖ ಮರಿಯಾಕ ಬರತೈತೇನ? ಇವರಲ್ಲ."

ಮೆಹರುನ್ನಿಸ ಕೌಂಟರಿನ ಹತ್ತಿರ ಹೋದಳು. ಗಲಾಟೆ ಮಾಡುವವಳ ದನಿ ಅವಳದಲ್ಲ. "ನಿಮ್ಮ ಐಡಿ ಕಾರ್ಡು ಒಮ್ಮೆ ತೋರಿಸ್ತೀರಾ? ನಾನು ಪೊಲೀಸಲ್ಲ. ಬೇಡ ಅಂದರೆ ಬೇಡ."

ಅವನು ಬೇಡ ಅನ್ನಬಹುದಿತ್ತು. ಆದರೆ ನೀಲವ್ವನನ್ನು ನೋಡುತ್ತಲೇ ಕಿಸೆಯಿಂದ ತೆಗೆದುಕೊಟ್ಟ. ಕಾರ್ಡಿನಲ್ಲಿ ಮಡಿವಾಳಪ್ಪ ಎಂದೇ ಇತ್ತು. ಮೆಹರುನ್ನಿಸ ಅದನ್ನು ಓದಿ ಹೇಳಿದಳು. ನೀಲವ್ವ ಕಾರ್ಡನ್ನು ಕೈಗೆ ತೆಗೆದುಕೊಂಡು ಫೋಟೋ ನೋಡಿದಳು, ಎದುರು ನಿಂತವನನ್ನು ನೋಡಿದಳು.

"ಹೆಸರ ನಮ್ಮವರದು," ಎಂದಳು. "ಮುಖ ನಿಮ್ಮದು. ಯಾರ ನೀವು?"

ಅವನು ಬಾಯಿ ತೆರೆದ. ಆಗ ಅವನ ಕಣ್ಣು ಕೌಂಟರಿನ ಅಂಚು ಹಿಡಿದಿದ್ದ ನಿವೇದಿತಾಳ ಎಡಗೈಗೆ ಬಿತ್ತು. ತುಟಿ ಅಲುಗಿತು. ಎಣಿಸುತ್ತಿದ್ದ. ಎಣಿಸಿ ಮುಗಿದ ಮೇಲೆ ಮೆಲ್ಲಗೆ ನಡೆದುಹೋಗಿ ಅಂಗಡಿಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ. ಹಿಂದಿರುಗಿ ಬಂದು ಸ್ಟೂಲಿನ ಮೇಲೆ ಕುಸಿದ.

"ಗುಬ್ಬಿ," ಎಂದ. "ಇಷ್ಟ ದೊಡ್ಡಾಕಿ ಆಗೇದ ಗುಬ್ಬಿ."

"ನಮ್ಮಪ್ಪ ಎಲ್ಲಿ?" ನಿವೇದಿತಾ ಕೇಳಿದಳು.

"ಹೇಳತೇನಿ. ಕುಂದರ್ರಿ ವೈನಿ. ನಿಮ್ಮನ್ನ ನಾ ಕಣ್ಣಲೆ ನೋಡಿಲ್ಲ, ಖರೇ ನೀವು ಚಟ್ನಿ ಹೆಂಗ ಅರೀತೀರಿ ಅಂಬೂದೂ ನನಗ ಗೊತ್ತೈತಿ. ಅವ ದಿನಾ ಹೇಳತಿದ್ದ."

ಅವನ ಹೆಸರು ಜಯಪಾಲ. ರಾಯಬಾಗದ ಕಡೆಯವನು. ಮಡಿವಾಳಪ್ಪನೂ ಅವನೂ ಒಂದೇ ಕೋಣೆಯಲ್ಲಿದ್ದರು, ಮರಳುಗಾಡಿನ ನಡುವಿನ ಲೇಬರ್ ಕ್ಯಾಂಪಿನಲ್ಲಿ. ಜಯಪಾಲ ಕೆಲಸ ಬಿಟ್ಟು ಓಡಿಬಂದವನು. ವೀಸಾ ಇರಲಿಲ್ಲ, ಕದ್ದುಮುಚ್ಚಿ ಅಲ್ಲಿ ಮಲಗುತ್ತಿದ್ದ. ಮಡಿವಾಳಪ್ಪನಿಗೆ ವೀಸಾ, ಕಾರ್ಡು ಎಲ್ಲ ಸರಿಯಾಗಿದ್ದವು, ಆದರೆ ಪಾಸ್‌ಪೋರ್ಟು ಕಂಪನಿಯವರ ಕೈಯಲ್ಲಿ. ಊರಿಗೆ ಕಳಿಸಿ ಎಂದು ಕೇಳಿಕೇಳಿ ಸೋತಿದ್ದ. ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತಿದ್ದರು.

"ರಾತ್ರಿ ಅದೊಂದ ಹಾಡ ಹಾಡಿಕೋತ ಮಲಗತಿದ್ದ. ಕೂಸಿಗೆ ಈಗ ಮಾತ ಬಂದಿರಬೇಕು ಅಂತಿದ್ದ. ನಡಿಯಾಕ ಕಲತಿರಬೇಕು ಅಂತಿದ್ದ. ಬರಬರತ ಊಟ ಬಿಟ್ಟ. ಅಷ್ಟರಾಗ ಸರಕಾರದವ್ರು ಮಾಫಿ ಕೊಟ್ರು. ವೀಸಾ ಇಲ್ಲದವ್ರು ಔಟ್‌ಪಾಸ್ ತಗೊಂಡು ಸುಮ್ಮನ ಊರಿಗೆ ಹೋಗಬಹುದು ಅಂತ."

"ಔಟ್‌ಪಾಸ್ ಸಿಗುತ್ತಿದ್ದದ್ದು ನಿಮಗೆ," ಎಂದಳು ಮೆಹರುನ್ನಿಸ. "ಅವರಿಗಲ್ಲ."

"ಹೌದ್ರಿ. ನನಗ ಹೋಗಾಕ ಮನಸ ಇರಲಿಲ್ಲ. ಊರಾಗ ನನ್ನವರು ಯಾರೂ ಇಲ್ಲ. ಅವ ಹೋಗದಿದ್ರ ಜೀವ ಉಳೀತಿರಲಿಲ್ಲ. ಆಗ ಈಗಿನಂಗ ಕಣ್ಣ ಬಟ್ಟ ಮಷಿನ್ನಿಗೆ ಹಚ್ಚಿ ಯಾರೂ ನೋಡತಿರಲಿಲ್ಲ. ನನ್ನ ಹೆಸರ ಹೇಳಿ ಸಾಲಿನಾಗ ಅವ ನಿಂತ. ನನ್ನ ಹೆಸರಿಗೆ ಅವನ ಫೋಟೋ ಬಂತು. ನಾ ಅವನ ಕಾರ್ಡ ತಗೊಂಡು ಬ್ಯಾರೆ ಕ್ಯಾಂಪಿಗೆ ಹೋದೆ. ಅಲ್ಲಿ ಅವನ ಮುಖ ನೋಡಿದವ್ರು ಯಾರೂ ಇರಲಿಲ್ಲ. ಆ ಮ್ಯಾಲ ಪಾಸ್‌ಪೋರ್ಟ ಕಳದೈತಿ ಅಂತ ಹೊಸಾದ ಮಾಡಿಸಿದೆ."

ನಿವೇದಿತಾ ನಂಬಲಾರದೆ ನೋಡುತ್ತಿದ್ದಳು. "ಅಂದ್ರ ಅಪ್ಪ ಇಲ್ಲಿ ಇಲ್ಲ?"

"ಇಲ್ಲವಾ. ನೀ ಸಣ್ಣಾಕಿ ಇದ್ದಾಗ ಹೋದ. ಊರಿಗೆ ಹೋದ."

"ಊರಿಗೆ?"

"ಮತ್ತೆಲ್ಲಿ ಹೋಗತಾನ? ನಾನ ಏರ್ಪೋರ್ಟಿನ ಬಸ್ ಹತ್ತಿಸಿದೆ. ಮುಂಬೈಗೆ ಇಳದು ಶುಕೂರನ ಅಂಗಡಿಗೆ ಫೋನ ಮಾಡಿದ. ಇಳದೇನಿ, ರೈಲ ಹತ್ತತೇನಿ, ನಾಳೆ ಕೂಸಿನ್ನ ಎತ್ತಿಕೋತೇನಿ ಅಂದ. ಈ ಉಸುಕಿಗೆ ಇನ್ನ ಬರೂದಿಲ್ಲೋ ಜಯಪಾಲ, ನನ್ನ ಹೆಸರ ನೀನ ಇಟಗೊ ಅಂದ. ಅಷ್ಟ. ಅವತ್ತಿನಿಂದ ಅವನ ದನಿ ನಾ ಕೇಳಿಲ್ಲ."

ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ.

"ಹೆಸರ ಅವಂದು ಆದ ಮ್ಯಾಲ ಹಾಡೂ ನಂದ ಅನಸಾಕ ಹತ್ತಿತು. ಮಕ್ಕಳಿಲ್ಲದವಗ ಒಂದ ಮಗಳ ಸಿಕ್ಕಂಗ. ಮಷಿನ್ ತುಳಕೋತ ಹಾಡತಿದ್ದೆ. ಅವ ಮನ್ಯಾಗ ಆರಾಮ ಇರಬೇಕು ಅಂದಕೊಂಡಿದ್ದೆ ವೈನಿ."

"ಅಪ್ಪ ಮನೆಗೆ ಬರಲೇ ಇಲ್ಲ," ಎಂದಳು ನಿವೇದಿತಾ. "ಮುಂಬೈನಿಂದ ಗುಳೇದಗುಡ್ಡಕ್ಕೆ ಒಂದು ದಿನದ ದಾರಿ. ಎಲ್ಲಿ ಹೋದ ಹಂಗಾರ? ನಾವು ಇಷ್ಟು ವರ್ಷ ಸಮುದ್ರದ ಈ ಕಡೆ ನೋಡಿಕೋತ ಕೂತಿದ್ವಿ..."

"ಬಂದಿದ್ರು."

ಹೇಳಿದವಳು ನೀಲವ್ವ.

ಮೆಹರುನ್ನಿಸ ತಿರುಗಿದಳು. ನೀಲವ್ವ ರೊಟ್ಟಿಯ ಗಂಟನ್ನು ಎದೆಗೆ ಅವುಚಿಕೊಂಡು ಕೂತಿದ್ದಳು. ಮಗಳ ಕಡೆ ನೋಡಲಿಲ್ಲ. ಕತ್ತರಿಸಿ ಹರವಿದ ಬಿಳಿ ಬಟ್ಟೆಯ ಕಡೆ ನೋಡುತ್ತ ಮಾತಾಡಿದಳು.

"ದೀಪ ಹಚ್ಚೂ ಹೊತ್ತಿಗೆ ಬಂದ್ರು. ಅಂಗಳದಾಗ ನಿಂತ್ರು. ನಾ ಮಗ್ಗದಿಂದ ಎದ್ದು ಬಂದೆ. ಕೂಗಬ್ಯಾಡ ಅಂತ ಕೈ ಮಾಡಿದ್ರು. ಬ್ಯಾರೆಯವನ ಹೆಸರ ಹೇಳಿ ಬಂದೇನಿ, ಗೊತ್ತಾದ್ರ ಪೊಲೀಸರು ಒಯ್ಯತಾರ ಅಂದ್ರು. ಅಂಜಿಕಿ ಹೊಕ್ಕಿತ್ತು ಅವರಿಗೆ. ದಾರಿಯುದ್ದಕ್ಕೂ ಯಾರೋ ನೋಡಿದಂಗ ಆಗತಿತ್ತಂತ. ಹೊಳ್ಳಿ ದುಬೈಕ್ಕ ಹೋಗಿ ಹೆಸರ ಸರಿಮಾಡಿಕೊಂಡ ಬರತೇನಿ, ಅಲ್ಲೀತನಕ ಯಾರ ಮುಂದೂ ಹೇಳಬ್ಯಾಡ ಅಂತ ಆಣಿ ಹಾಕಿಸಿಕೊಂಡ್ರು. ಕೂಸಿನ ಮುಂದೂ ಹೇಳಬ್ಯಾಡ ಅಂದ್ರು. ಬೆಳಕ ಹರಿಯೂದರಾಗ ಹೋದ್ರು."

ಪಕ್ಕದ ಕೆಫೆಟೇರಿಯಾದಲ್ಲಿ ಲೋಟಗಳ ಸದ್ದು. ಮೆಹರುನ್ನಿಸಳ ತಲೆಯಲ್ಲಿ ಎರಡು ಮಾತುಗಳು ಎದುರುಬದುರು ನಿಂತವು. ಈ ಉಸುಕಿಗೆ ಇನ್ನು ಬರುವುದಿಲ್ಲ ಎಂದು ಗೆಳೆಯನಿಗೆ ಹೇಳಿದ ಮನುಷ್ಯ, ಹೆಂಡತಿಗೆ ಮರಳಿ ಅಲ್ಲಿಗೇ ಹೋಗುತ್ತೇನೆ ಎಂದಿದ್ದ. ನಡುವೆ ಒಂದೇ ಒಂದು ರೈಲು ಪ್ರಯಾಣ. ಅಷ್ಟರಲ್ಲಿ ಏನು ಬದಲಾಗಿತ್ತು? ಬದಲಾಗಿತ್ತೇ, ಇಲ್ಲವೆ ಇಬ್ಬರಲ್ಲಿ ಒಬ್ಬರಿಗೆ ಸುಳ್ಳು ಹೇಳಿದ್ದನೇ?

ನಿವೇದಿತಾ ಅದೊಂದನ್ನೂ ಕೇಳಲಿಲ್ಲ. ತಾಯಿಯ ಮುಂದೆ ನೆಲದ ಮೇಲೆ ಮೊಣಕಾಲೂರಿ ಕೂತಳು.

"ಅವತ್ತ ನಾ ಎಚ್ಚರಿದ್ದೆನೇನಬೇ?"

ನೀಲವ್ವ ಈಗ ಮಗಳನ್ನು ನೋಡಿದಳು. "ಇದ್ದಿ."

"ಅಪ್ಪನ್ನ ನೋಡಿದೆನಾ?"

"ನೋಡಿದಿ. ಯಾರಬೇ ಇವರು ಅಂತ ಕೇಳಿದಿ. ಯಾರೋ ಹಾದಿ ತಪ್ಪಿ ಬಂದಾರ, ನೀರ ಕೊಡು ಅಂದೆ. ಕೊಟ್ಟಿ." ಅವಳ ದನಿ ಒಡೆಯಿತು. "ನಿನ್ನ ಎತ್ತಿಕೊಳ್ಳಲಿಲ್ಲ ಅವರು. ಎತ್ತಿಕೊಂಡ್ರ ಬಿಟ್ಟ ಹೋಗಾಕ ಆಗೂದಿಲ್ಲಂತ ಎತ್ತಿಕೊಳ್ಳಲಿಲ್ಲ."

ನಿವೇದಿತಾ ತಾಯಿಯ ಮಡಿಲಲ್ಲಿ ಮುಖ ಹುದುಗಿಸಿದಳು. ಗಂಟಿನೊಳಗಿನ ರೊಟ್ಟಿ ಮುರಿದ ಸದ್ದಾಯಿತು. ನೀಲವ್ವನ ಕೈ ಮಗಳ ತಲೆಯ ಮೇಲೆ ಹೋಗಬೇಕೋ ಬೇಡವೋ ಎಂದು ತಡವರಿಸಿ, ಕೊನೆಗೆ ಹೋಯಿತು.

ಜಯಪಾಲ ಗೋಡೆಗೆ ಮುಖ ಮಾಡಿ ಅಳುತ್ತಿದ್ದ. ತನಗೇ ಹೇಳಿಕೊಳ್ಳುವವನಂತೆ ಗೊಣಗಿದ.

"ಹಿತ್ತಾಳಿ ಚರಿಗಿ. ಎರಡೂ ಕೈಲೆ ಹಿಡಕೊಂಡ ಬಂದಿತ್ತು ಕೂಸು. ಅರ್ಧ ನೀರ ಕಾಲ ಮ್ಯಾಲ ಚೆಲ್ಲಿತ್ತು. ಕುಡದು ಚರಿಗಿ ಹೊಳ್ಳಿ ಕೊಡೂಮುಂದ ಆ ಆರನೇ ಬಟ್ಟ ಅವನ ಕೈಗೆ ತಾಗಿತ್ತು..."

ನೀಲವ್ವನ ಕೈ ಮಗಳ ಕೂದಲಲ್ಲಿ ನಿಂತಿತು.

ಮೆಹರುನ್ನಿಸ ಎದ್ದು ಅವನ ಹತ್ತಿರ ಹೋದಳು. ತೀರಾ ಮೆಲ್ಲಗೆ ಕೇಳಿದಳು.

"ಜಯಪಾಲರೇ, ಮುಂಬೈನಿಂದ ಫೋನು ಬಂದಾಗ ಅವರು ಇನ್ನೂ ಮನೆ ಮುಟ್ಟಿರಲಿಲ್ಲ."

ಅವನ ಭುಜಗಳ ಅಲುಗಾಟ ನಿಂತಿತು.

"ಅವತ್ತಿನಿಂದ ಅವರ ದನಿಯೇ ಕೇಳಿಲ್ಲ ಅಂದಿರಿ. ಚರಿಗೆಯ ಸುದ್ದಿಯನ್ನು ನೀಲವ್ವ ಈಗಲೂ ಹೇಳಲಿಲ್ಲ. ನಿಮಗೆ ಹೇಳಿದ್ದು ಯಾರು?"

ಅವನು ತಿರುಗಲಿಲ್ಲ. ಕೊರಳಿನ ಟೇಪನ್ನು ತೆಗೆದು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತ. ಹೊರಗೆ ಯಾರೋ ಬಾಗಿಲು ಬಡಿದು, ಚಿಲಕ ಕಂಡು ಹೋದರು.

"ಹೇಳೂದಿಲ್ಲ ಅಂತ ಅವಗ ಮಾತ ಕೊಟ್ಟೇನ್ರಿ."

ನೀಲವ್ವ ಎದ್ದು ನಿಂತಳು. ಮಡಿಲಿನ ಗಂಟು ನೆಲಕ್ಕೆ ಬಿತ್ತು. ಅದರ ಕಡೆ ನೋಡಲಿಲ್ಲ.

"ಆ ಮಾತ ಯಾವಾಗ ಕೊಟ್ಟೀರಿ?"

ಜಯಪಾಲ ಬೆರಳಿಗೆ ಸುತ್ತಿದ್ದ ಟೇಪನ್ನು ಬಿಚ್ಚಿದ.

"ನಿನ್ನಿ, ವೈನಿ."